‘ಡ್ರೈ’ ಎಂದು ಬರೆದಿದ್ದ ಪ್ರೊಸೆಕ್ಕೊ ಸಿಹಿಯಾಗಿತ್ತು. ಏಕೆ? ಆ ಬಾಟಲಿಯ ಹಿಂದಿರುವ ಬೆಳೆಗಾರರ ಸಂಘದ ಬಗ್ಗೆ ಯಾರಿಗಾದರೂ ಗೊತ್ತೇ?

ತುಂಗಾತೀರ
ಎಲ್ಲರಿಗೂ ನಮಸ್ಕಾರ. ಅಕ್ಕನ ಮಗಳು ಇಟಲಿಯಿಂದ ಬಂದಾಗ ಎರಡು ಬಾಟಲಿ ಪ್ರೊಸೆಕ್ಕೊ ತಂದುಕೊಟ್ಟಳು. ನೊರೆಯುಕ್ಕುವ ವೈನ್ ನಮ್ಮ ಮನೆಗೆ ಹೊಸದು. ಕಳೆದ ಭಾನುವಾರ ಒಂದನ್ನು ತೆರೆದೆವು. ಭಾವ ತಂತಿಯನ್ನು ಬಿಚ್ಚಿ ಹೆಬ್ಬೆರಳಿನಿಂದ ಬಿರಡೆಯನ್ನು ಮೇಲಕ್ಕೆ ನೂಕಿದರು. ಅದು ಹಾರಿಹೋಗಿ ಟ್ಯೂಬ್‌ಲೈಟಿಗೆ ಬಡಿಯಿತು, ವೈನಿನ ಮೂರನೆಯ ಒಂದು ಪಾಲು ನೆಲಕ್ಕೆ ಚೆಲ್ಲಿತು. ಅಲ್ಲೇ ಕೆಳಗೆ ಮೊಮ್ಮಗು ಆಡುತ್ತಿತ್ತು. ನೆನೆದರೆ ಈಗಲೂ ಎದೆ ನಡುಗುತ್ತದೆ.

ಉಳಿದದ್ದನ್ನು ಕುಡಿದು ನೋಡಿದರೆ ಸಿಹಿ! ಚೀಟಿಯ ಮೇಲೆ ‘ಡ್ರೈ’ ಎಂದು ಸ್ಪಷ್ಟವಾಗಿ ಇತ್ತು. ಡ್ರೈ ಎಂದರೆ ಸಿಹಿ ಇಲ್ಲದ್ದು ಎಂದೇ ನಾನು ತಿಳಿದುಕೊಂಡಿದ್ದೆ. ಇನ್ನೊಂದು ಬಾಟಲಿಯ ಮೇಲೆ ‘ಬ್ರೂಟ್’ ಎಂದಿದೆ. ಮುಂದಿನ ತಿಂಗಳು ನಮ್ಮ ಮದುವೆಗೆ ಮೂವತ್ತು ವರ್ಷ ತುಂಬುತ್ತದೆ, ಅದನ್ನು ಆ ದಿನಕ್ಕೆ ಇಟ್ಟಿದ್ದೇನೆ. ಈ ಸಲ ಕೆಡಿಸಿಕೊಳ್ಳಲು ಮನಸ್ಸಿಲ್ಲ.

ಇನ್ನೊಂದು ವಿಷಯ. ಈ ವೈನ್ ದ್ರಾಕ್ಷಿ ಬೆಳೆಗಾರರೇ ಸೇರಿ ಕಟ್ಟಿಕೊಂಡ ಸಂಘದ್ದು ಎಂದು ಹುಡುಗಿ ಹೇಳಿದಳು. ಇಪ್ಪತ್ತೆರಡು ವರ್ಷ ಹಾಲು ಉತ್ಪಾದಕರ ಸಂಘದಲ್ಲಿ ಕಾರ್ಯದರ್ಶಿಯಾಗಿದ್ದ ನನಗೆ ಅಲ್ಲಿಂದ ಮುಂದೆ ವೈನಿಗಿಂತ ಸಂಘದ ಮೇಲೆಯೇ ಕುತೂಹಲ. ಅಲ್ಲಿ ಲೆಕ್ಕ ಹೇಗೆ? ರೈತನಿಗೆ ದರ ಹೇಗೆ ಸಿಗುತ್ತದೆ?

ಹಂಪಿ ಎಕ್ಸ್‌ಪ್ರೆಸ್
ಮಗುವಿಗೆ ಏನೂ ಆಗಲಿಲ್ಲವಷ್ಟೇ? ಅದೇ ದೊಡ್ಡದು.

ಪಾದೊವಾ ಕನ್ನಡತಿ
ತುಂಗಾತೀರ ಸರ್, ನಾನು ಏಳು ವರ್ಷದಿಂದ ಇಟಲಿಯ ಪಾದೊವಾದಲ್ಲಿದ್ದೇನೆ. ಪ್ರೊಸೆಕ್ಕೊ ಬೆಳೆಯುವ ಗುಡ್ಡಗಳು ಇಲ್ಲಿಂದ ಹೆಚ್ಚು ದೂರವಿಲ್ಲ. ನಿಮಗೆ ಯಾರೂ ಮೋಸ ಮಾಡಿಲ್ಲ. ಇಲ್ಲಿ ಆ ಪದದ ಅರ್ಥವೇ ಬೇರೆ.

ನೊರೆ ವೈನಿನಲ್ಲಿ ಉಳಿದಿರುವ ಸಕ್ಕರೆಯನ್ನು ಲೀಟರಿಗೆ ಇಷ್ಟು ಗ್ರಾಂ ಎಂದು ಅಳೆದು ಹೆಸರು ಕೊಡುತ್ತಾರೆ. 12 ಗ್ರಾಂಗಿಂತ ಕಡಿಮೆ ಇದ್ದರೆ ಬ್ರೂಟ್. 12ರಿಂದ 17 ಇದ್ದರೆ ಎಕ್ಸ್‌ಟ್ರಾ ಡ್ರೈ. 17ರಿಂದ 32 ಇದ್ದರೆ ಡ್ರೈ. ಅಂದರೆ ಈ ಮೂರರಲ್ಲಿ ಹೆಚ್ಚು ಸಿಹಿಯಾದದ್ದೇ ಡ್ರೈ. ಹತ್ತೊಂಬತ್ತನೆಯ ಶತಮಾನದಲ್ಲಿ ನೊರೆ ವೈನ್‌ಗಳು ಬಹಳ ಸಿಹಿಯಾಗಿ ಇರುತ್ತಿದ್ದವು. ಅವುಗಳ ಪಕ್ಕದಲ್ಲಿ ಇದು ‘ಡ್ರೈ’ ಅನ್ನಿಸುತ್ತಿತ್ತು. ನಾಲಿಗೆ ಬದಲಾದರೂ ಹೆಸರು ಬದಲಾಗಲಿಲ್ಲ. ನಿಮ್ಮ ಎರಡನೆಯ ಬಾಟಲಿ ಬ್ರೂಟ್ ಆದ್ದರಿಂದ ನೀವು ಬಯಸಿದ ರುಚಿ ಅದರಲ್ಲೇ ಇದೆ.

ರಸಾಯನ ಮೇಷ್ಟ್ರು
ಅಂದಾಜಿಗೆ ಹೇಳುತ್ತೇನೆ. ಲೀಟರಿಗೆ 24 ಗ್ರಾಂ ಎಂದುಕೊಂಡರೆ 750 ಮಿಲಿಲೀಟರಿನ ಬಾಟಲಿಯಲ್ಲಿ 18 ಗ್ರಾಂ, ಅಂದರೆ ಸುಮಾರು ನಾಲ್ಕು ಚಹಾ ಚಮಚ ಸಕ್ಕರೆ. ಒಂದು ಲೋಟಕ್ಕೆ ಒಂದು ಚಮಚವೂ ಬರುವುದಿಲ್ಲ. ಆದರೂ ನಾಲಿಗೆಗೆ ಗೊತ್ತಾಗುತ್ತದೆ, ಏಕೆಂದರೆ ನಾವು ಹುಳಿಯನ್ನು ನಿರೀಕ್ಷಿಸಿ ಕುಳಿತಿರುತ್ತೇವೆ.

ಬಿರಡೆಯ ವಿಷಯ ಮಾತ್ರ ಹಗುರವಲ್ಲ. ಕಾರಿನ ಟೈರಿನಲ್ಲಿ ಇರುವ ಒತ್ತಡ 2 ಬಾರ್ ಚಿಲ್ಲರೆ. ‘ಸ್ಪುಮಾಂತೆ’, ಅಂದರೆ ಪೂರ್ತಿ ನೊರೆಯುಕ್ಕುವಂಥದ್ದು, ಎಂದು ಬರೆದಿರುವ ಪ್ರೊಸೆಕ್ಕೊದಲ್ಲಿ 20 ಡಿಗ್ರಿ ಉಷ್ಣತೆಗೆ 3.5 ಬಾರ್‌ಗಿಂತ ಕಡಿಮೆ ಇರುವಂತಿಲ್ಲ, ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚೇ ಇರುತ್ತದೆ. ಶಾಂಪೇನಿನಲ್ಲಿ 5ರಿಂದ 6. ಬಾಟಲಿ ಬೆಚ್ಚಗಾದಷ್ಟೂ ಅನಿಲ ದ್ರವವನ್ನು ಬಿಟ್ಟು ಹೊರಗೆ ಬರಲು ತವಕಿಸುತ್ತದೆ. ಸರ್, ಅಂದು ಬಾಟಲಿ ಸಾಕಷ್ಟು ತಣ್ಣಗಿತ್ತೇ?

ತುಂಗಾತೀರ
ಹತ್ತು ನಿಮಿಷ ಫ್ರಿಜ್ಜಿನಲ್ಲಿ ಇಟ್ಟಿದ್ದೆವು ಅಷ್ಟೇ. ಅದಕ್ಕೆ ಮೊದಲು ಕಾರಿನ ಡಿಕ್ಕಿಯಲ್ಲಿ ಇತ್ತು.

ರಸಾಯನ ಮೇಷ್ಟ್ರು
ಹಾಗಿದ್ದರೆ ಉಕ್ಕದೆ ಇನ್ನೇನಾದೀತು! ಕಾರಿನ ಕುಲುಕಾಟವೂ ಸೇರಿದೆ.

ಶಾಂಪೇನ್ ಪ್ರಿಯ
ನೇರವಾಗಿ ಹೇಳುತ್ತೇನೆ, ಬೇಸರಿಸಬೇಡಿ. ಪ್ರೊಸೆಕ್ಕೊ ಬಡವರ ಶಾಂಪೇನ್. ಶಾಂಪೇನಿನಲ್ಲಿ ಗುಳ್ಳೆ ಹುಟ್ಟಿಸುವ ಎರಡನೆಯ ಹುದುಗು ಒಂದೊಂದು ಬಾಟಲಿಯ ಒಳಗೇ ಆಗುತ್ತದೆ, ಕನಿಷ್ಠ 15 ತಿಂಗಳು ನೆಲಮಾಳಿಗೆಯಲ್ಲಿ ಮಲಗುತ್ತದೆ. ಇದು ದೊಡ್ಡ ಉಕ್ಕಿನ ಟ್ಯಾಂಕಿನಲ್ಲಿ ಒಂದೆರಡು ತಿಂಗಳಿನಲ್ಲಿ ತಯಾರಾಗುವ ಮಾಲು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಪಾದೊವಾ ಕನ್ನಡತಿ
ಒಂದೇ ತಕ್ಕಡಿಯಲ್ಲಿ ತೂಗಬೇಡಿ ಎನ್ನುವುದನ್ನು ಒಪ್ಪುತ್ತೇನೆ. ಆದರೆ ‘ಬಡವರ ಶಾಂಪೇನ್’ ಎಂದಾಗ ಆ ತಕ್ಕಡಿಯನ್ನು ಹಿಡಿದವರು ನೀವೇ ಅಲ್ಲವೇ?

ಟ್ಯಾಂಕ್ ಬಳಸುವುದು ಖರ್ಚು ಉಳಿಸಲು ಮಾತ್ರ ಅಲ್ಲ. ಪ್ರೊಸೆಕ್ಕೊ ಮಾಡುವ ಗ್ಲೇರಾ ಎಂಬ ಬಿಳಿ ದ್ರಾಕ್ಷಿಯ ಸುವಾಸನೆ ಹಸಿರು ಸೇಬು, ಪೇರ್ ಹಣ್ಣು, ಬಿಳಿ ಹೂಗಳ ಬಗೆಯದು, ಬಹಳ ನಾಜೂಕು. ಬಾಟಲಿಯಲ್ಲಿ ಯೀಸ್ಟಿನ ಜೊತೆ ವರ್ಷಗಟ್ಟಲೆ ಇಟ್ಟರೆ ಬ್ರೆಡ್ಡಿನ, ಹುರಿದ ಬಾದಾಮಿಯ ವಾಸನೆ ಮೇಲೆದ್ದು ಈ ಹೂವಿನ ಗಂಧವನ್ನು ಮುಚ್ಚಿಬಿಡುತ್ತದೆ. ಒತ್ತಡ ತಡೆಯುವ ಮುಚ್ಚಿದ ತೊಟ್ಟಿಯಲ್ಲಿ ಎರಡನೆಯ ಹುದುಗು ಮಾಡಿಸುವ ವಿಧಾನಕ್ಕೆ 1895ರಲ್ಲಿ ಇಟಲಿಯ ಫೆದೆರಿಕೊ ಮಾರ್ತಿನೊತ್ತಿ ಹಕ್ಕುಪತ್ರ ಪಡೆದರು. 1907ರಲ್ಲಿ ಫ್ರಾನ್ಸಿನ ಯೂಜೀನ್ ಶಾರ್ಮಾ ಅದನ್ನು ಸುಧಾರಿಸಿದರು. ಮಲ್ಲಿಗೆಯನ್ನು ಒಣಗಿಸಿ ಡಬ್ಬಿಯಲ್ಲಿ ಇಟ್ಟು ಶ್ರೀಗಂಧವಾಗಲಿಲ್ಲ ಎಂದು ಯಾರಾದರೂ ದೂರುತ್ತಾರೆಯೇ?

ಶಾಂಪೇನ್ ಪ್ರಿಯ
ಮಲ್ಲಿಗೆಯ ಮಾತು ಚೆನ್ನಾಗಿದೆ. ‘ಬಡವರ’ ಎಂಬ ಪದವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಆದರೆ ವರ್ಷಕ್ಕೆ 60 ಕೋಟಿ ಬಾಟಲಿಗೂ ಹೆಚ್ಚು ತಯಾರಾಗುವಾಗ ಎಲ್ಲದರಲ್ಲೂ ಹೂವಿನ ಗಂಧ ಇರುತ್ತದೆ ಎಂದು ನಾನು ನಂಬುವುದಿಲ್ಲ.

ಪಾದೊವಾ ಕನ್ನಡತಿ
ಅದು ನಿಜ. ಅದಕ್ಕೇ ಚೀಟಿಯಲ್ಲಿ ಊರನ್ನು ನೋಡಬೇಕು. ಡಿಒಸಿ ಎಂದರೆ ಬೆಳೆದ ಪ್ರದೇಶಕ್ಕೆ ಕಾನೂನು ಕೊಡುವ ಗುರುತು, ಡಿಒಸಿಜಿ ಅದಕ್ಕಿಂತ ಮೇಲಿನ ದರ್ಜೆ. ಬರೀ ‘ಪ್ರೊಸೆಕ್ಕೊ ಡಿಒಸಿ’ ಎಂದರೆ ವೆನೆತೊ ಮತ್ತು ಫ್ರಿಯೂಲಿ ಪ್ರಾಂತ್ಯಗಳ ಒಟ್ಟು ಒಂಬತ್ತು ಜಿಲ್ಲೆಗಳಲ್ಲಿ ಎಲ್ಲಿಯಾದರೂ ಬೆಳೆದದ್ದು, ಹೆಚ್ಚಿನದು ಬಯಲಿನದು. ‘ಕೊನೆಲ್ಯಾನೊ ವಾಲ್ದೊಬ್ಬ್ಯಾದೆನೆ’ ಎಂದು ಇದ್ದು ಜೊತೆಗೆ ‘ಡಿಒಸಿಜಿ’ ಇದ್ದರೆ ಅದು ಹದಿನೈದು ಪಂಚಾಯಿತಿಗಳ ಗುಡ್ಡಗಾಡಿನದು. ಬಯಲಿನಲ್ಲಿ ಹೆಕ್ಟೇರಿಗೆ 18 ಟನ್ ಇಳುವರಿಗೆ ಅವಕಾಶವಿದೆ, ಗುಡ್ಡದಲ್ಲಿ 13.5 ಟನ್. ‘ರೀವೆ’ ಎಂದು ಬರೆದಿದ್ದರೆ ಒಂದೇ ಊರಿನ ಕಡಿದಾದ ಇಳಿಜಾರಿನ ಹಣ್ಣು, ಕೈಯಿಂದಲೇ ಕೊಯ್ದದ್ದು. ಎಲ್ಲಕ್ಕಿಂತ ಮೇಲಿನ ದರ್ಜೆ ಕಾರ್ತಿತ್ಸೆ ಎಂಬ ಗುಡ್ಡದ್ದು, ಬರೀ 107 ಹೆಕ್ಟೇರ್. ಆ ಜಾಗಕ್ಕೆ ನೂರಕ್ಕೂ ಹೆಚ್ಚು ಮಾಲೀಕರು! ತುಂಗಾತೀರ ಸರ್, ನಿಮಗೆ ಸಮಾಧಾನವಾಗುವ ಸಂಗತಿ: ಆ ಹೆಸರಾಂತ ಕಾರ್ತಿತ್ಸೆಯನ್ನು ಸಂಪ್ರದಾಯದಂತೆ ‘ಡ್ರೈ’ ಆಗಿಯೇ, ಅಂದರೆ ಸಿಹಿಯಾಗಿಯೇ ಮಾಡುತ್ತಾರೆ.

ತಿಕೋಟಾ ದ್ರಾಕ್ಷಿ
ಹೆಕ್ಟೇರಿಗೆ ಇಷ್ಟೇ ಬೆಳೆಯಬೇಕು ಎಂದು ಮಿತಿ ಹಾಕುತ್ತಾರೆಯೇ? ಹೆಚ್ಚು ಬಂದರೆ ರೈತ ಏನು ಮಾಡಬೇಕು?

ಪಾದೊವಾ ಕನ್ನಡತಿ
ಮಿತಿ ಮೀರಿದ ಹಣ್ಣಿಗೆ ಆ ಹೆಸರು ಸಿಗುವುದಿಲ್ಲ ಅಣ್ಣ. ಆದ್ದರಿಂದ ಬೇಸಿಗೆಯಲ್ಲೇ ಕೆಲವು ಗೊಂಚಲುಗಳನ್ನು ಕತ್ತರಿಸಿ ಕೆಡವುತ್ತಾರೆ.

ತಿಕೋಟಾ ದ್ರಾಕ್ಷಿ
ನಾವೂ ಕಾಳು ವಿರಳ ಮಾಡುತ್ತೇವೆ, ಗೊಂಚಲು ಕಡಿಮೆ ಮಾಡುತ್ತೇವೆ. ಆದರೆ ಅದು ನಮ್ಮ ಲೆಕ್ಕಕ್ಕೆ. ಅಕ್ಟೋಬರ್ ಚಾಟ್ನಿಯಿಂದ, ಅಂದರೆ ಬಳ್ಳಿ ಕತ್ತರಿಸುವಲ್ಲಿಂದ, ಕೊಯ್ಲಿನವರೆಗೆ ಔಷಧಿ, ಗೊಬ್ಬರ, ಕೂಲಿ ಎಲ್ಲ ನನ್ನ ತಲೆಯ ಮೇಲೆ. ಕೊನೆಗೆ ದರ ಹೇಳುವವನು ಬೇರೆ. ನಾಲ್ಕು ವರ್ಷದ ಹಿಂದೆ ಒಬ್ಬ ವ್ಯಾಪಾರಿ ಎರಡು ಲಾರಿ ಹಣ್ಣು ತುಂಬಿಕೊಂಡು ಹೋದ. ಮುಂಗಡ ಬಿಟ್ಟರೆ ಒಂದು ರೂಪಾಯಿ ಬರಲಿಲ್ಲ. ಫೋನ್ ಸಂಖ್ಯೆಯೇ ಬಂದ್ ಆಯಿತು. ಆ ವರ್ಷ ಮಗಳ ಕಾಲೇಜಿನ ಶುಲ್ಕವನ್ನು ಸಾಲ ಮಾಡಿ ಕಟ್ಟಿದೆ. ಅದಕ್ಕಾಗಿಯೇ ಕೇಳುತ್ತೇನೆ, ಆ ಸಂಘದಲ್ಲಿ ರೈತನಿಗೆ ಹಣ ಹೇಗೆ ಬರುತ್ತದೆ? ವೈನಿನ ರುಚಿ ನನಗೆ ಬೇಡ, ಆ ಲೆಕ್ಕ ಬೇಕು.

ಸಹಕಾರಿ ನಿವೃತ್ತ
ತಿಕೋಟಾದ ತಮ್ಮಾ, ನಾನು ಸಹಕಾರ ಇಲಾಖೆಯಲ್ಲಿ ಲೆಕ್ಕಪರಿಶೋಧಕನಾಗಿದ್ದವನು. ಇಟಲಿಯ ಸಹಕಾರ ವ್ಯವಸ್ಥೆಯನ್ನು ಓದಿ ತಿಳಿದಿದ್ದೇನೆ.

ಅಲ್ಲಿನ ಸಂವಿಧಾನದ 45ನೆಯ ವಿಧಿಯೇ ಸಹಕಾರಕ್ಕೆ ಮಾನ್ಯತೆ ಕೊಡುತ್ತದೆ. ಪರಸ್ಪರ ನೆರವಿಗಾಗಿ, ಖಾಸಗಿ ಸಟ್ಟಾ ಲಾಭಕ್ಕಲ್ಲದೆ ನಡೆಯುವ ಸಹಕಾರಕ್ಕೆ ಸಮಾಜದಲ್ಲಿ ಪಾತ್ರವಿದೆ ಎನ್ನುವುದು ಅದರ ಸಾರ. ಭೂಮಿ ಎಷ್ಟೇ ಇರಲಿ, ಸದಸ್ಯನಿಗೆ ಒಂದು ಮತ ಎನ್ನುವುದು ಮೂಲ ನಿಯಮ. ವರ್ಷದ ನಿವ್ವಳ ಲಾಭದಲ್ಲಿ ಕನಿಷ್ಠ ಶೇಕಡ 30ರಷ್ಟನ್ನು ಮೀಸಲು ನಿಧಿಗೆ ಹಾಕಬೇಕು, ಶೇಕಡ 3ರಷ್ಟು ಸಹಕಾರ ಚಳವಳಿಯನ್ನು ಬೆಳೆಸುವ ನಿಧಿಗಳಿಗೆ ಹೋಗಬೇಕು. ಮೀಸಲು ನಿಧಿಯನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ. ಅಂದರೆ ಇಂದಿನ ತಲೆಮಾರು ಸಂಘವನ್ನು ಮಾರಿ ತಿನ್ನಲು ಸಾಧ್ಯವಿಲ್ಲ.

ವಾಲ್ದೊಬ್ಬ್ಯಾದೆನೆಯ ಉತ್ಪಾದಕರ ಸಂಘ 1952ರಲ್ಲಿ 129 ಬೆಳೆಗಾರರಿಂದ ಶುರುವಾಯಿತು. ಯುದ್ಧ ಮುಗಿದು ಏಳು ವರ್ಷ. ಜನ ಗುಳೆ ಹೋಗುತ್ತಿದ್ದ ಕಾಲ. ತುಂಡು ಹಿಡುವಳಿ, ಒಬ್ಬನಿಗೆ ಟ್ಯಾಂಕ್ ಕೊಳ್ಳುವ ಶಕ್ತಿ ಎಲ್ಲಿಂದ ಬರಬೇಕು? ಎಲ್ಲರೂ ಸೇರಿದರು, ಟ್ಯಾಂಕ್ ಬಂತು. ಅಲ್ಲಿಂದ ಕೆಳಗೆ ಬಯಲಿನ ಪೊಂತೆ ದಿ ಪಿಯಾವೆ ಎಂಬ ಊರಿನ ಬೆಳೆಗಾರರ ಸಂಘ 1948ರದು. 1968ರಲ್ಲಿ ಹುಟ್ಟಿದ ಲಾ ಮಾರ್ಕಾ ಇನ್ನೊಂದು ಮಾದರಿ: ಅದು ಸಂಘಗಳ ಸಂಘ. ಊರಿನ ಸಂಘಗಳು ಹಣ್ಣನ್ನು ಹಿಂಡಿ ವೈನ್ ಮಾಡುತ್ತವೆ, ಒಕ್ಕೂಟ ಅದಕ್ಕೆ ನೊರೆ ತುಂಬಿಸಿ ಬಾಟಲಿ ಮಾಡಿ ಹೊರದೇಶಕ್ಕೆ ಕಳಿಸುತ್ತದೆ. ತುಂಗಾತೀರ ಅವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ತುಂಗಾತೀರ
ಹಳ್ಳಿಯ ಡೈರಿ, ಜಿಲ್ಲೆಯ ಒಕ್ಕೂಟ, ಮೇಲೆ ಮಹಾಮಂಡಳ! ಅದೇ ಮೆಟ್ಟಿಲು. ಓದಿ ಬಹಳ ಸಂತೋಷವಾಯಿತು ಸರ್.

ಪಾದೊವಾ ಕನ್ನಡತಿ
ಹಣದ ಲೆಕ್ಕವನ್ನು ನಾನು ಕಣ್ಣಾರೆ ನೋಡಿದಷ್ಟು ಹೇಳುತ್ತೇನೆ. ಸೆಪ್ಟೆಂಬರಿನಲ್ಲಿ ಸಹೋದ್ಯೋಗಿಯ ತಂದೆಯ ತೋಟಕ್ಕೆ ಕೊಯ್ಲಿಗೆ ಹೋಗಿದ್ದೆ. ನಮ್ಮ ಕಡೆಯಂತೆ ಅಲ್ಲಿ ಚಪ್ಪರವಿಲ್ಲ, ಬಳ್ಳಿಗಳು ತಂತಿಗೆ ಹಬ್ಬಿ ಬೇಲಿಯಂತೆ ನಿಂತಿರುತ್ತವೆ. ಇಳಿಜಾರು ಎಷ್ಟೆಂದರೆ ಬುಟ್ಟಿ ಹಿಡಿದು ನಿಂತರೆ ಮೇಲಿನ ಸಾಲಿನವರ ಕಾಲು ನನ್ನ ತಲೆಯ ಮಟ್ಟಕ್ಕೆ ಇತ್ತು. ‘ಚಿಲ್ಯೋನಿ’ ಎಂಬ ಕಿರಿದಾದ ಹಂತಗಳನ್ನು ಕಲ್ಲಿನ ಗೋಡೆ ಇಲ್ಲದೆ ಹುಲ್ಲಿನ ಬದುವಿನಿಂದಲೇ ಹಿಡಿದು ನಿಲ್ಲಿಸಿದ್ದಾರೆ. 2019ರಲ್ಲಿ ಯುನೆಸ್ಕೊ ಈ ಗುಡ್ಡಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಸಂಜೆ ಟ್ರ್ಯಾಕ್ಟರಿನಲ್ಲಿ ಸಂಘದ ಅಂಗಳಕ್ಕೆ ಹೋದೆವು. ಸಾಲಾಗಿ ಟ್ರ್ಯಾಕ್ಟರುಗಳು. ಮೊದಲು ತೂಕ. ಅನಂತರ ಮೇಲಿನಿಂದ ಒಂದು ಕೊಳವೆ ಹಣ್ಣಿನ ರಾಶಿಯೊಳಗೆ ಇಳಿದು ಬೇರೆಬೇರೆ ಕಡೆಯ ರಸವನ್ನು ಹೀರಿ ತೆಗೆಯಿತು. ಸಕ್ಕರೆಯ ಅಂಶವನ್ನು ಅಲ್ಲಿ ನಮ್ಮಂತೆ ಬ್ರಿಕ್ಸ್ ಎಂಬ ಅಳತೆಯಲ್ಲಿ ಹೇಳುವುದಿಲ್ಲ, ಬಾಬೊ ಡಿಗ್ರಿ ಎನ್ನುತ್ತಾರೆ. ಅಂಕಿ ಫಲಕದ ಮೇಲೆ ಎಲ್ಲರಿಗೂ ಕಾಣುವಂತೆ ಮೂಡಿತು, ತೋಟದ ಅಜ್ಜನ, ಅಂದರೆ ಸಹೋದ್ಯೋಗಿಯ ತಂದೆಯ, ಕೈಗೆ ಚೀಟಿ ಬಂತು. ಹಣ ಒಂದೇ ಸಲಕ್ಕೆ ಬರುವುದಿಲ್ಲ. ಮೊದಲು ಮುಂಗಡದ ಕಂತು. ವೈನ್ ಮಾರಾಟವಾಗಿ ವರ್ಷದ ಲೆಕ್ಕ ಮುಗಿದ ಮೇಲೆ ಉಳಿಕೆ. ಖಾಸಗಿಯವರಿಗೆ ಕೊಟ್ಟರೆ ಕೆಲವು ವರ್ಷ ಹೆಚ್ಚು ಸಿಗುತ್ತದೆಯಂತೆ. ಹಾಗಾದರೆ ಸಂಘಕ್ಕೆ ಏಕೆ ಕೊಡುತ್ತೀರಿ ಎಂದು ಕೇಳಿದೆ. ಆಲಿಕಲ್ಲು ಬಿದ್ದ ವರ್ಷವೂ ಸಂಘ ನನ್ನ ಹಣ್ಣನ್ನು ತೆಗೆದುಕೊಂಡಿತು ಎಂದರು.

ತಿಕೋಟಾ ದ್ರಾಕ್ಷಿ
ಅಜ್ಜ ಹೇಳಿದ ಮಾತನ್ನು ಮೂರು ಸಲ ಓದಿದೆ ತಂಗಿ.

ನೀಲಿ ದ್ರಾಕ್ಷಿ
ನಮ್ಮಲ್ಲಿ ಇರಲಿಲ್ಲ ಎನ್ನಬೇಡಿ. ಇಂದು ತರಕಾರಿ ಕೊಳ್ಳಲು ಹೋಗುವ ಹಾಪ್‌ಕಾಮ್ಸ್ 1959ರಲ್ಲಿ ಶುರುವಾದದ್ದು ಬೆಂಗಳೂರಿನ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ. ತೋಟಗಾರಿಕಾ ತಜ್ಞ ಡಾ. ಎಂ.ಎಚ್. ಮರಿಗೌಡರ ಕಾಲದ ಕೆಲಸ. ಅದಕ್ಕೂ ಹಿಂದೆ, 1905ರಲ್ಲಿ, ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ಸಹಕಾರ ನಮಗೆ ಇಟಲಿಯವರು ಕಲಿಸಬೇಕಾದ ಪಾಠವಲ್ಲ.

ನನ್ನ ತೋಟ ದೊಡ್ಡಬಳ್ಳಾಪುರದ ಕಡೆ. ಬೆಂಗಳೂರು ನೀಲಿ ಬೆಳೆಯುತ್ತೇನೆ. ಅದಕ್ಕೆ 2013ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಅದರಿಂದ ಯಾಕೆ ಇಂಥ ನೊರೆ ವೈನ್ ಆಗಬಾರದು?

ರಸಾಯನ ಮೇಷ್ಟ್ರು
ಆಗಬಾರದು ಎಂದಿಲ್ಲ, ಆದರೆ ಪ್ರೊಸೆಕ್ಕೊದಂತೆ ಆಗದು. ಬೆಂಗಳೂರು ನೀಲಿಯಲ್ಲಿ ಅಮೆರಿಕದ ಲಬ್ರುಸ್ಕಾ ಜಾತಿಯ ರಕ್ತವಿದೆ. ಜಾಮಿನಂಥ ಗಾಢ ವಾಸನೆ ಅದರದು. ಜ್ಯೂಸಿಗೆ, ಸಿಹಿ ವೈನಿಗೆ ಅದೇ ಅದರ ಗುಣ. ಇನ್ನೊಂದು ವೈನಿನ ಅಚ್ಚಿನಲ್ಲಿ ಎರಕ ಹೊಯ್ಯುವುದಕ್ಕಿಂತ ಅದಕ್ಕೆ ಒಪ್ಪುವ ಪಾನೀಯವನ್ನು ಮಾಡುವುದು ಮೇಲು.

ನೀಲಿ ದ್ರಾಕ್ಷಿ
ಒಪ್ಪಿದೆ. ಆದರೆ ಹೆಸರು ಉಳಿಸಿಕೊಳ್ಳುವುದರಲ್ಲಿ ಆ ಇಟಲಿಯವರು ಗಟ್ಟಿಗರು. ಮೊದಲು ಪ್ರೊಸೆಕ್ಕೊ ಎಂಬುದು ದ್ರಾಕ್ಷಿಯ ಹೆಸರಾಗಿತ್ತು. ದ್ರಾಕ್ಷಿಯ ಹೆಸರಾದರೆ ಪ್ರಪಂಚದ ಯಾರು ಬೇಕಾದರೂ ಬಳಸಬಹುದು. 2009ರಲ್ಲಿ ಅವರು ದ್ರಾಕ್ಷಿಗೆ ಗ್ಲೇರಾ ಎಂಬ ಹೆಸರನ್ನು ಕೊಟ್ಟು ಪ್ರೊಸೆಕ್ಕೊ ಎಂಬುದನ್ನು ಊರಿನ ಹೆಸರೆಂದು ಕಾಯ್ದಿಟ್ಟರು. ಇಟಲಿಯ ತ್ರಿಯೆಸ್ತೆ ನಗರದ ಹತ್ತಿರ ಆ ಹೆಸರಿನ ಹಳ್ಳಿ ನಿಜವಾಗಿಯೂ ಇದೆ. ಆಸ್ಟ್ರೇಲಿಯಾದ ಬೆಳೆಗಾರರು ಇದನ್ನು ಒಪ್ಪದೆ ತಕರಾರು ಮಾಡುತ್ತಲೇ ಇದ್ದಾರೆ. ಕ್ರೊಯೇಷಿಯಾದವರ ‘ಪ್ರೊಶೆಕ್’ ಎಂಬ ಸಿಹಿ ವೈನಿನ ಹೆಸರಿಗೂ ಇವರು ಅಡ್ಡ ಬಂದರು.

ಮಲೆನಾಡ ಮಗಳು
ಅದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಪ್ರೊಶೆಕ್ ಒಣಗಿಸಿದ ದ್ರಾಕ್ಷಿಯಿಂದ ಮಾಡುವ, ನೊರೆಯೇ ಇಲ್ಲದ ಹಳೆಯ ವೈನ್. ಅದನ್ನು ಇದೆಂದು ಯಾರು ತಪ್ಪು ತಿಳಿಯುತ್ತಾರೆ? ನಂಜನಗೂಡು ರಸಬಾಳೆಯ ಹೆಸರನ್ನು ಕಾಪಾಡಿದರೆ ಸಂತೋಷ, ಆದರೆ ‘ರಸ’ ಎಂಬ ಪದವನ್ನೇ ಬೇರೆಯವರು ಬಳಸಬಾರದು ಎಂದರೆ ಹೇಗೆ?

ಹಂಪಿ ಎಕ್ಸ್‌ಪ್ರೆಸ್
ಹೆಸರಿನ ಜಗಳ ಬೇರೆ ಕಡೆ ಮುಂದುವರಿಸಿ, ತುಂಗಾತೀರ ಅವರ ಬಾಟಲಿಗೆ ಬನ್ನಿ.

ಹೆಸರು ಬೇಡ
ನನ್ನದೊಂದು ಮಾತು. ಕುಡಿತ ನಮ್ಮ ಮನೆಯನ್ನು ಹಾಳು ಮಾಡಿತು. ಅಪ್ಪನ ಸಂಬಳದ ದಿನ ಅಮ್ಮ ನಮ್ಮನ್ನು ಪಕ್ಕದ ಮನೆಗೆ ಕಳಿಸಿಬಿಡುತ್ತಿದ್ದಳು. ಲೋಟ, ಉಷ್ಣತೆ, ಸುವಾಸನೆ ಎಂದು ನೀವು ಬರೆಯುವಾಗ ನನಗೆ ಆ ವಾಸನೆಯೊಂದೇ ನೆನಪಾಗುತ್ತದೆ. ಬರೆಯಬೇಡಿ ಎನ್ನುವುದಿಲ್ಲ. ಆದರೆ ಇದನ್ನೂ ಯಾರಾದರೂ ಹೇಳಬೇಕಲ್ಲ.

ಪಾದೊವಾ ಕನ್ನಡತಿ
ಹೇಳಿದ್ದು ಸರಿಯಾಯಿತು. ಇದರಲ್ಲೂ ಶೇಕಡ 11ರಷ್ಟು ಮದ್ಯಸಾರ ಇದೆ, ಹಣ್ಣಿನ ರಸವಲ್ಲ. ಸಿಹಿಯಾಗಿದೆ, ಹಗುರವಾಗಿದೆ ಎಂದು ಮರೆತು ಕುಡಿಯುವವರನ್ನು ಇಲ್ಲೂ ನೋಡಿದ್ದೇನೆ. ಬೇಡ ಎಂದವರ ಲೋಟಕ್ಕೆ ಒತ್ತಾಯ ಮಾಡಿ ಸುರಿಯುವುದನ್ನು ನಾನು ಯಾವ ಮನೆಯಲ್ಲೂ ಸಹಿಸುವುದಿಲ್ಲ.

ತುಂಗಾತೀರ
ನಿಮ್ಮ ಮಾತನ್ನು ಮನಸ್ಸಿಗೆ ತೆಗೆದುಕೊಂಡಿದ್ದೇನೆ. ನಮ್ಮ ಮನೆಯಲ್ಲಿ ನಾಲ್ಕು ಜನಕ್ಕೆ ಒಂದು ಬಾಟಲಿ, ಅದೂ ವರ್ಷಕ್ಕೆ ಎರಡು ಸಲ. ವಾಹನ ಓಡಿಸುವವರಿಗೆ ಪಾನಕ.

ಕುಡ್ಲದ ಬಾಣಸಿಗ
ಇಷ್ಟು ಹೊತ್ತು ಓದುತ್ತಿದ್ದೆ. ಮಂಗಳೂರಿನ ಹೋಟೆಲೊಂದರಲ್ಲಿ ಹದಿನೆಂಟು ವರ್ಷದಿಂದ ಇದ್ದೇನೆ, ಇಂಥ ಬಾಟಲಿಗಳನ್ನು ಸಾಕಷ್ಟು ತೆರೆದಿದ್ದೇನೆ. ತುಂಗಾತೀರ ಸರ್, ಹೀಗೆ ಮಾಡಿ.

ಹಿಂದಿನ ದಿನವೇ ಬಾಟಲಿಯನ್ನು ಫ್ರಿಜ್ಜಿಗೆ ಸೇರಿಸಿ. ಮರೆತರೆ ಬಕೆಟ್ಟಿಗೆ ಅರ್ಧ ಮಂಜುಗಡ್ಡೆ, ಅರ್ಧ ನೀರು, ಒಂದು ಹಿಡಿ ಕಲ್ಲುಪ್ಪು ಹಾಕಿ ಬಾಟಲಿಯನ್ನು ಕತ್ತಿನವರೆಗೆ ಮುಳುಗಿಸಿ ಅರ್ಧ ಗಂಟೆ ಬಿಡಿ. ಬರೀ ಮಂಜುಗಡ್ಡೆ ಸಾಲದು, ನೀರು ಇದ್ದರೇ ತಂಪು ಬಾಟಲಿಯ ಸುತ್ತ ಹಿಡಿಯುವುದು. 6ರಿಂದ 8 ಡಿಗ್ರಿ ಸರಿಯಾದ ಹದ. ಫ್ರೀಜರಿನಲ್ಲಿ ಇಟ್ಟು ಮರೆತರೆ ಬಾಟಲಿ ಒಡೆಯುತ್ತದೆ, ಹಾಗೆ ಒಡೆದದ್ದನ್ನು ನಾನು ಗುಡಿಸಿದ್ದೇನೆ.

ತೆರೆಯುವಾಗ ಬಾಟಲಿಯ ನೀರನ್ನು ಒರೆಸಿ. ಮೇಲಿನ ಹಾಳೆಯನ್ನು ಕಿತ್ತು, ಹೆಬ್ಬೆರಳನ್ನು ಬಿರಡೆಯ ಮೇಲೆ ಒತ್ತಿ ಹಿಡಿದು, ತಂತಿಯ ಕಿವಿಯನ್ನು ಆರು ಅರ್ಧ ಸುತ್ತು ತಿರುಗಿಸಿ ಸಡಿಲಿಸಿ. ತಂತಿಯನ್ನು ಪೂರ್ತಿ ತೆಗೆಯಬೇಕಾಗಿಲ್ಲ. ಈ ಹೊತ್ತಿನಿಂದ ಬಿರಡೆಯ ಮೇಲಿನಿಂದ ಕೈ ತೆಗೆಯಲೇಬಾರದು. ಒಂದು ಬಟ್ಟೆ ಹೊದಿಸಿ. ಬಾಟಲಿಯನ್ನು ಓರೆಯಾಗಿ, ಯಾರೂ ಇಲ್ಲದ ಕಡೆಗೆ ಹಿಡಿಯಿರಿ. ಬಿರಡೆಯನ್ನು ತಿರುಗಿಸಬೇಡಿ. ಅದನ್ನು ಬಿಗಿಯಾಗಿ ಹಿಡಿದು ಇನ್ನೊಂದು ಕೈಯಿಂದ ಬಾಟಲಿಯ ಬುಡವನ್ನು ತಿರುಗಿಸಿ. ಬಿರಡೆ ತಾನಾಗಿ ಮೇಲೇಳುತ್ತದೆ, ನೀವು ಅದನ್ನು ತಡೆಯುತ್ತಾ ಹೋಗಬೇಕು. ‘ಢಂ’ ಎನ್ನಬಾರದು, ‘ಉಸ್’ ಎನ್ನಬೇಕು. ಸದ್ದು ಮಾಡಿದರೆ ಹಬ್ಬ ಎನ್ನುವವರು ಗುಳ್ಳೆಗಳನ್ನು ಗಾಳಿಗೆ ಬಿಟ್ಟು ಉಳಿದದ್ದನ್ನು ಕುಡಿಯುತ್ತಾರೆ.

ಲೋಟದ ಬಗ್ಗೆ: ಕೊಳವೆಯಂಥ ಉದ್ದನೆಯ ಲೋಟ ನೋಡಲು ಚೆಂದ, ಆದರೆ ಅದರಲ್ಲಿ ಮೂಗಿಗೆ ಜಾಗವಿಲ್ಲ. ನಡುವೆ ಉಬ್ಬಿ ಬಾಯಿ ಸ್ವಲ್ಪ ಕಿರಿದಾದ ಸಾಮಾನ್ಯ ವೈನ್ ಲೋಟವೇ ಒಳ್ಳೆಯದು. ಸೋಪಿನ ಜಿಡ್ಡು ಇದ್ದರೆ ನೊರೆ ನಿಲ್ಲುವುದಿಲ್ಲ, ಬಿಸಿನೀರಿನಲ್ಲಿ ಜಾಲಿಸಿ. ಲೋಟವನ್ನು ಓರೆ ಮಾಡಿ ಎರಡು ಸಲಕ್ಕೆ ಸುರಿಯಿರಿ.

ಮಲೆನಾಡ ಮಗಳು
ಜೊತೆಗೆ ತಿನ್ನಲು ಏನು ಮಾಡಲಿ? ನಮ್ಮ ಮನೆ ಸಸ್ಯಾಹಾರಿ. ತುಂಗಾತೀರ ಅವರದೂ ಹಾಗೇ ಇರಬಹುದು.

ಕುಡ್ಲದ ಬಾಣಸಿಗ
ಬ್ರೂಟ್ ಆದರೆ ಉಪ್ಪು ಮತ್ತು ಎಣ್ಣೆ ಇರುವ ಕುರುಕಲು. ಗೋಳಿಬಜೆ, ಹೀರೇಕಾಯಿ ಬಜ್ಜಿ, ಖಾರ ಕಡಿಮೆ ಇರುವ ಕೋಡುಬಳೆ. ಎಣ್ಣೆಯ ಜಿಡ್ಡನ್ನು ಹುಳಿ ಮತ್ತು ಗುಳ್ಳೆ ತೊಳೆದುಬಿಡುತ್ತವೆ. ಮೀನು ತಿನ್ನುವವರಾದರೆ ಕಾಣೆ ರವಾ ಫ್ರೈ. ಅದಕ್ಕಿಂತ ಒಳ್ಳೆಯ ಜೋಡಿಯನ್ನು ನಾನು ಕಂಡಿಲ್ಲ. ಖಾರ ಜೋರಾಗಿದ್ದರೆ ಬ್ರೂಟ್ ಬೇಡ, ಗುಳ್ಳೆ ಖಾರವನ್ನು ಇನ್ನಷ್ಟು ಚುಚ್ಚಿ ಎಬ್ಬಿಸುತ್ತದೆ. ಅದಕ್ಕೆ ಎಕ್ಸ್‌ಟ್ರಾ ಡ್ರೈ ಸರಿ, ಅದರಲ್ಲಿರುವ ಚೂರು ಸಿಹಿ ನಾಲಿಗೆಯನ್ನು ತಣಿಸುತ್ತದೆ.

ಹೋಳಿಗೆಯ ಜೊತೆ ಬ್ರೂಟ್ ಕೊಡಬೇಡಿ, ಹುಳಿ ನೀರಿನಂತೆ ಅನ್ನಿಸುತ್ತದೆ. ಅಂದು ನೀವು ಸಿಹಿ ಎಂದು ಬೇಸರಪಟ್ಟ ಆ ಡ್ರೈ ಬಾಟಲಿ ಹೋಳಿಗೆಗೆ ಒಪ್ಪುತ್ತಿತ್ತು.

ಶಾಂಪೇನ್ ಪ್ರಿಯ
ಉಳಿದರೆ ಬಾಟಲಿಯ ಬಾಯಿಗೆ ಬೆಳ್ಳಿಯ ಚಮಚವನ್ನು ಇಳಿಬಿಡಿ, ಗುಳ್ಳೆ ಮರುದಿನದವರೆಗೆ ಇರುತ್ತದೆ.

ರಸಾಯನ ಮೇಷ್ಟ್ರು
ಇಲ್ಲ. ಚಮಚ ಏನನ್ನೂ ಮಾಡುವುದಿಲ್ಲ, ತೆರೆದ ಬಾಯಿ ತೆರೆದೇ ಇರುತ್ತದೆ. ಗುಳ್ಳೆ ಉಳಿಯುವುದು ಫ್ರಿಜ್ಜಿನ ತಂಪಿನಿಂದ. ತಣ್ಣಗಿನ ದ್ರವ ಅನಿಲವನ್ನು ಹೆಚ್ಚು ಹಿಡಿದಿಡುತ್ತದೆ. ಬಿಗಿಯಾಗಿ ಕಚ್ಚುವ ಲೋಹದ ಮುಚ್ಚಳ ಸಿಗುತ್ತದೆ, ಅದನ್ನು ಹಾಕಿ ಮರುದಿನ ಮುಗಿಸಿ.

ತುಂಗಾತೀರ
ಒಂದು ಪ್ರಶ್ನೆ. ಇದನ್ನು ನಾಲ್ಕೈದು ವರ್ಷ ಇಟ್ಟರೆ ಇನ್ನೂ ಚೆನ್ನಾಗುತ್ತದೆಯೇ? ವೈನ್ ಹಳೆಯದಾದಷ್ಟೂ ಒಳ್ಳೆಯದು ಎನ್ನುತ್ತಾರಲ್ಲ.

ಪಾದೊವಾ ಕನ್ನಡತಿ
ಇದು ಹಾಗಲ್ಲ ಸರ್. ಮಲ್ಲಿಗೆಯ ಮಾತನ್ನು ಇಲ್ಲಿಗೂ ತನ್ನಿ. ಒಂದೆರಡು ವರ್ಷದೊಳಗೆ ಕುಡಿಯಬೇಕು. ಇಲ್ಲಿಯವರು ಅದನ್ನು ದೊಡ್ಡ ಸಮಾರಂಭಕ್ಕೆ ಕಾದಿಡುವುದೇ ಇಲ್ಲ. ಸಂಜೆ ಕೆಲಸ ಮುಗಿಸಿ ನಿಂತಲ್ಲೇ ಒಂದು ಪುಟ್ಟ ಲೋಟ, ಜೊತೆಗೆ ಬ್ರೆಡ್ಡಿನ ಮೇಲೆ ಏನಾದರೂ ಒಂದಿಷ್ಟು, ಮನೆಗೆ. ವೆನಿಸ್‌ನಲ್ಲಿ ಪುಟ್ಟ ಲೋಟದ ವೈನಿಗೆ ‘ಓಂಬ್ರಾ’ ಎನ್ನುತ್ತಾರೆ, ನೆರಳು ಎಂದು ಅರ್ಥ.

ಹಳ್ಳಿಗಳಲ್ಲಿ ‘ಕೊಲ್ ಫೊಂದೊ’ ಎಂಬ ಹಳೆಯ ಬಗೆ ಇನ್ನೂ ಇದೆ. ಅದು ಬಾಟಲಿಯಲ್ಲೇ ಹುದುಗಿದ್ದು, ತಳದಲ್ಲಿ ಯೀಸ್ಟಿನ ಗಷ್ಟು ನಿಂತಿರುತ್ತದೆ, ಸಿಹಿ ಇರುವುದಿಲ್ಲ, ಮಸುಕಾಗಿರುತ್ತದೆ. ಟ್ಯಾಂಕ್ ಬರುವ ಮೊದಲು ರೈತರ ಮನೆಯಲ್ಲಿದ್ದದ್ದು ಅದೇ. ಶಾಂಪೇನ್ ಪ್ರಿಯರು ಅದನ್ನೊಮ್ಮೆ ನೋಡಬೇಕು.

ಶಾಂಪೇನ್ ಪ್ರಿಯ
ಖಂಡಿತ ನೋಡುತ್ತೇನೆ. ಚಮಚದ ವಿಷಯದಲ್ಲಿ ಮೇಷ್ಟ್ರು ಹೇಳಿದ್ದನ್ನು ಮೊನ್ನೆ ಎರಡು ಬಾಟಲಿ ಇಟ್ಟು ಪರೀಕ್ಷಿಸಿದೆ. ವ್ಯತ್ಯಾಸವೇ ಇರಲಿಲ್ಲ.

ಮಲೆನಾಡ ಮಗಳು
ಎಲ್ಲರೂ ಸಂಘವನ್ನು ಹೊಗಳಿದಿರಿ, ನಾನು ಇನ್ನೊಂದು ಮಗ್ಗುಲನ್ನು ಹೇಳಬೇಕು. ಬೇಡಿಕೆ ಏರಿದಂತೆ ಗುಡ್ಡದ ಕಾಡು, ಹುಲ್ಲುಗಾವಲು ಕರಗಿ ಎಲ್ಲೆಲ್ಲೂ ಒಂದೇ ದ್ರಾಕ್ಷಿಯಾಯಿತು. ಮನೆಗಳ ಪಕ್ಕದಲ್ಲೇ ಔಷಧಿ ಸಿಂಪಡಿಸುತ್ತಾರೆ ಎಂದು ಅಲ್ಲಿಯ ಜನರೇ ಬೀದಿಗೆ ಇಳಿದರು. ಅಡಿಕೆಗಾಗಿ ಗದ್ದೆಗಳೆಲ್ಲ ತೋಟವಾದದ್ದನ್ನು ನೋಡಿದ ನನಗೆ ಇದು ಹೊಸದಲ್ಲ. ರೈತನಿಗೆ ಒಳ್ಳೆಯ ದರ ಸಿಕ್ಕಿದ್ದರಿಂದಲೇ ಹೀಗಾಯಿತು ಎನ್ನುವುದು ಇನ್ನೂ ಕಷ್ಟದ ಮಾತು.

ಪಾದೊವಾ ಕನ್ನಡತಿ
ನೀವು ಹೇಳಿದ್ದು ನಿಜ ಅಕ್ಕ. ಆ ಒತ್ತಡದಿಂದಲೇ 2019ರಿಂದ ಕೊನೆಲ್ಯಾನೊ ವಾಲ್ದೊಬ್ಬ್ಯಾದೆನೆ ವಲಯದಲ್ಲಿ ಗ್ಲೈಫೋಸೇಟ್ ಕಳೆನಾಶಕವನ್ನು ನಿಷೇಧಿಸಿದರು. ಉಳಿದ ಔಷಧಿಗಳ ಜಗಳ ಮುಗಿದಿಲ್ಲ. ಸಂಘವೊಂದು ನಾಳೆಯಿಂದ ಇದನ್ನು ಸಿಂಪಡಿಸಬೇಡಿ ಎಂದರೆ ನೂರಾರು ತೋಟಗಳಲ್ಲಿ ಒಟ್ಟಿಗೆ ನಿಲ್ಲುತ್ತದೆ. ಅಂಥ ಶಕ್ತಿ ಇರುವವರನ್ನು ಇನ್ನೂ ಗಟ್ಟಿಯಾಗಿ ಕೇಳಬೇಕು ಎನ್ನುವುದರಲ್ಲಿ ನಾನು ನಿಮ್ಮ ಜೊತೆ.

ತುಂಗಾತೀರ
ಐದು ವಾರದ ನಂತರ ಬರೆಯುತ್ತಿದ್ದೇನೆ. ನಿನ್ನೆ ನಮ್ಮ ಮದುವೆಯ ದಿನವಾಗಿತ್ತು. ಬಾಣಸಿಗರು ಹೇಳಿದಂತೆ ಬಾಟಲಿ ಹಿಂದಿನ ರಾತ್ರಿಯೇ ಫ್ರಿಜ್ಜಿನಲ್ಲಿತ್ತು. ಭಾವನೇ ತೆರೆದರು, ಬಟ್ಟೆ ಹೊದಿಸಿ, ಬುಡವನ್ನು ತಿರುಗಿಸಿ. ‘ಉಸ್’ ಎಂದಿತು, ಒಂದು ಹನಿಯೂ ಚೆಲ್ಲಲಿಲ್ಲ. ಹಸಿರು ಸೇಬಿನ ವಾಸನೆ ಸಿಗುತ್ತದೆಯೇ ಎಂದು ಕೇಳಿದೆ. ನನ್ನಾಕೆ ಲೋಟವನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ಯೋಚಿಸಿ, ‘ಸೇಬು ಗೊತ್ತಿಲ್ಲ, ಮಳೆ ಬಂದ ಮೇಲೆ ಅಂಗಳದ ಪೇರಲೆ ಮರ ಹೀಗೆ ವಾಸನೆ ಬರುತ್ತದೆ’ ಎಂದಳು. ನನಗೂ ಅದು ಸರಿ ಎನಿಸಿತು. ಗೋಳಿಬಜೆ ಎರಡು ಸಲ ಕರಿಯಬೇಕಾಯಿತು.

ಅಕ್ಕನ ಮಗಳ ಮೂಲಕ ಆ ಸಂಘಕ್ಕೆ ಒಂದು ಪತ್ರ ಬರೆಸಿದ್ದೇನೆ, ಅವರ ಉಪವಿಧಿಗಳ ಪ್ರತಿ ಸಿಗುತ್ತದೆಯೇ ಎಂದು.

ಸಹಕಾರಿ ನಿವೃತ್ತ
ಬಂದರೆ ನನಗೂ ಕಳಿಸಿ. ಹಣ್ಣು ಒಪ್ಪಿಸುವ ಕರಾರು, ಸದಸ್ಯ ಬಿಟ್ಟು ಹೋದಾಗಿನ ನಿಯಮ, ಈ ಎರಡು ಭಾಗವನ್ನು ಮೊದಲು ಅನುವಾದ ಮಾಡಿಸಬೇಕು. ಸಂಘಗಳು ಮುರಿಯುವುದು ಅಲ್ಲಿಯೇ. ದರ ಹೆಚ್ಚಾದ ವರ್ಷ ಸದಸ್ಯರು ಹೊರಗೆ ಮಾರುತ್ತಾರೆ, ದರ ಬಿದ್ದ ವರ್ಷ ಸಂಘಕ್ಕೆ ತರುತ್ತಾರೆ.

ಪಾದೊವಾ ಕನ್ನಡತಿ
ಅನುವಾದ ನಾನು ಮಾಡಿಕೊಡುತ್ತೇನೆ.

ತಿಕೋಟಾ ದ್ರಾಕ್ಷಿ
ಈ ಮಾತುಗಳನ್ನೆಲ್ಲ ಮುದ್ರಿಸಿ ನಮ್ಮೂರಿನ ಹನ್ನೊಂದು ಜನ ಬೆಳೆಗಾರರಿಗೆ ಓದಿ ಹೇಳಿದೆ. ವೈನಿನ ಮಾತಿಗೆ ಇಬ್ಬರು ಎದ್ದು ಹೋದರು. ನಮಗೆ ಒಣದ್ರಾಕ್ಷಿ ಸಾಕು ಎಂದು ಹೇಳಿದ ಮೇಲೆ ಮತ್ತೆ ಬಂದು ಕುಳಿತರು. ತೂಕ ಮತ್ತು ಸಕ್ಕರೆ ಅಂಶ ಫಲಕದ ಮೇಲೆ ಎಲ್ಲರಿಗೂ ಕಾಣಬೇಕು ಎನ್ನುವುದು ಅವರಿಗೆ ಬಹಳ ಹಿಡಿಸಿತು. ಏಪ್ರಿಲ್ ಚಾಟ್ನಿ ಮುಗಿಸಿ, ಶೆಡ್ಡಿನಲ್ಲಿ ಒಣಗಿದ ಮಣೂಕ (ಒಣದ್ರಾಕ್ಷಿ) ಇಳಿಸಿದ ಮೇಲೆ ಮತ್ತೆ ಸೇರುತ್ತೇವೆ. ಲೆಕ್ಕಪರಿಶೋಧಕರು ಮತ್ತು ತುಂಗಾತೀರ ಸರ್ ಅಂದು ಬರಬೇಕು. ಊಟ ನಮ್ಮ ಮನೆಯಲ್ಲಿ.

ತುಂಗಾತೀರ
ದಿನಾಂಕ ಹೇಳಿ, ಬರುತ್ತೇನೆ. ನಮ್ಮ ಡೈರಿಯ ಹಳೆಯ ತೂಕದ ಪುಸ್ತಕಗಳನ್ನೂ ತರುತ್ತೇನೆ.